ಲಾಗ್ ಪುಸ್ತಕದ ಏಳನೇ ಕಾಲಂ: ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ನಮಸ್ಕಾರ. ತಮಗೆ ನನ್ನ ಮುಖಪರಿಚಯ ಇರಲಾರದು. ತಾವು ಅಧಿಕಾರ ವಹಿಸಿಕೊಳ್ಳುವ ಮೊದಲೇ ನಾನು ನಿವೃತ್ತನಾದೆ. ತಮ್ಮ ವಿಶ್ವವಿದ್ಯಾಲಯದ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಮೂವತ್ಮೂರು ವರ್ಷ ಅಲ್ಲೇ ಸವೆದು, ಅಧೀಕ್ಷಕನಾಗಿ ಹೊರಬಂದವನು. ಕೊನೆಯ ಹನ್ನೊಂದು ವರ್ಷ ವಾಹನಗಳ ಡೀಸೆಲ್ ಬಿಲ್ಲು, ರಿಪೇರಿ ಬಿಲ್ಲು, ಲಾಗ್ ಪುಸ್ತಕ ಎಲ್ಲವೂ ನನ್ನ ಮೇಜು ದಾಟಿಯೇ ಹಣಕಾಸು ಅಧಿಕಾರಿಗಳ ಬಳಿ ಹೋಗುತ್ತಿದ್ದವು. ವಿಶ್ವವಿದ್ಯಾಲಯದ ಕಾರು, ಕೂಲಿಯವರು ತಮ್ಮ ಮನೆಯ ಕೆಲಸಕ್ಕೆ ಹೋಗುತ್ತಿರುವ ಬಗ್ಗೆ ಈ ಕಾಗದ. ಘನವಾದ ವಿಚಾರವೇನೂ ಇದರಲ್ಲಿ ಸಿಗಲಿಕ್ಕಿಲ್ಲ. ಕಿಲೋಮೀಟರು, ಲೀಟರು, ಸಹಿ. ನನಗೆ ಗೊತ್ತಿರುವುದು ಇಷ್ಟೇ.

ವಿಶ್ವವಿದ್ಯಾಲಯದ ಹೆಸರನ್ನು ಎಲ್ಲೂ ಬರೆದಿಲ್ಲ. ಮೈಸೂರಿನಲ್ಲಿ ಈಗ ಇರುವುದು ಒಂದೇ ವಿಶ್ವವಿದ್ಯಾಲಯವೂ ಅಲ್ಲ. ತಪಾಸಣೆ ಮುಗಿಯುವ ತನಕ ಯಾರನ್ನೂ ಹೆಸರು ಹಿಡಿದು ಕಳ್ಳ ಎನ್ನಬಾರದು ಅಂತ ನನಗೆ ಕಲಿಸಿದ್ದೇ ಆ ಕಚೇರಿ. ಹಾಗಂತ ಇದು ಮೂಕರ್ಜಿ ಅಲ್ಲ. ಹೆಸರು, ವಿಳಾಸ, ಸಹಿ ಇರುವ ಪ್ರತಿ ಕುಲಾಧಿಪತಿಗಳಾದ ರಾಜ್ಯಪಾಲರಿಗೆ ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ. ತಮ್ಮ ಕಚೇರಿಯ ಪ್ರತಿಯನ್ನು ನಾನೇ ತಂದು ಕೊಡುತ್ತೇನೆ.

ಕಳೆದ ಆಷಾಢದ ಒಂದು ಶುಕ್ರವಾರ ನನ್ನ ಹೆಂಡತಿ ಚಾಮುಂಡಿ ಬೆಟ್ಟಕ್ಕೆ ಹೋಗಲೇಬೇಕು ಅಂದಳು. ಆಷಾಢ ಶುಕ್ರವಾರ ಜನರ ಗಾಡಿಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ, ಮೈಸೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಲಲಿತಮಹಲ್ ಮೈದಾನದಲ್ಲಿ ಸ್ಕೂಟರ್ ನಿಲ್ಲಿಸಿ, ಬಸ್ಸಿನ ಸಾಲಿನಲ್ಲಿ ನಿಂತೆವು. ಬೆಳಗಿನ ಜಾವದ ಚಳಿ, ಸಣ್ಣಗೆ ಸೋನೆ. ಅಷ್ಟರಲ್ಲಿ ರಸ್ತೆ ಬದಿ ಪೊಲೀಸರು ಬ್ಯಾರಿಕೇಡ್ ಸರಿಸಿದರು. ಬಿಳಿ ಇನ್ನೋವಾ, ಮುಂದೆ ಬೋರ್ಡು. ಆ ಗಾಡಿಯ ನಂಬರು ನನಗೆ ಬಾಯಿಪಾಠ. ಅದರ ಮೊದಲ ಸರ್ವಿಸ್ ಬಿಲ್ಲು ಪಾಸು ಮಾಡಿದ್ದು ನಾನೇ. ಒಳಗೆ ತಾವಿರಲಿಲ್ಲ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟ ಮೂವರು ಹೆಂಗಸರು, ಒಬ್ಬರ ಮಡಿಲಲ್ಲಿ ಹೂವಿನ ಬುಟ್ಟಿ. ಮುಂದಿನ ಸೀಟಿನಲ್ಲಿ ಒಬ್ಬ ಹುಡುಗ ಕಿಟಕಿ ಇಳಿಸಿ ನಮ್ಮ ಸಾಲನ್ನೇ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ. ಡ್ರೈವರ್ ನನ್ನನ್ನು ಕಂಡ. ಕಂಡವನು ಕೈ ಎತ್ತಲಿಲ್ಲ, ತಲೆ ತಗ್ಗಿಸಿ ಗೇರು ಹಾಕಿದ.

"ನಿಮ್ಮಾಫೀಸ್ ಕಾರಲ್ವೇನ್ರೀ?" ಅಂದಳು ಇವಳು. ಹೌದು ಅಂದೆ. "ಹಂಗಾದ್ರೆ ನಮ್ಮನ್ನೂ ಹತ್ತಿಸ್ಕೋಬೋದಿತ್ತು" ಅಂತ ನಕ್ಕಳು. ನನ್ನ ಇಡೀ ಸರ್ವಿಸ್ಸಿನಲ್ಲಿ ಅವಳು ಕಚೇರಿ ಕಾರು ಹತ್ತಿದ್ದು ಒಂದೇ ಸಲ. ನನಗೆ ಎದೆನೋವು ಬಂದು ಆಸ್ಪತ್ರೆ ಸೇರಿ, ಮನೆಗೆ ಕಳಿಸಿದ ದಿನ. ಅದಕ್ಕೂ ಮಾರನೇ ವಾರ ಚಲನ್ ತುಂಬಿದೆ.

ಅಮ್ಮನವರ ದರ್ಶನಕ್ಕೆ ಹೋದವರ ಮೇಲೆ ನನಗೇನೂ ಸಿಟ್ಟಿಲ್ಲ. ಯಾರ ಮನೆಗೂ ನೆಂಟರು ಬರುತ್ತಾರೆ, ಬಂದವರನ್ನು ಬೆಟ್ಟಕ್ಕೆ ಕಳಿಸದಿದ್ದರೆ ಅದು ಮೈಸೂರಿನ ಮನೆಯೇ ಅಲ್ಲ. ನನ್ನ ಮನಸ್ಸು ಕೆಟ್ಟದ್ದು ಡ್ರೈವರ್ ತಲೆ ತಗ್ಗಿಸಿದ್ದಕ್ಕೆ. ಅವನು ಸಂಜೆ ಹೋಗಿ ಏನು ಬರೆಯಬೇಕು ಅನ್ನುವುದು ಆ ಮೈದಾನದಲ್ಲಿದ್ದವರ ಪೈಕಿ ನನಗೂ ಅವನಿಗೂ ಮಾತ್ರ ಗೊತ್ತಿತ್ತು.

ಲಾಗ್ ಪುಸ್ತಕ ನೋಡದವರಿಗಾಗಿ ಹೇಳುತ್ತೇನೆ. ಗಟ್ಟಿ ರಟ್ಟಿನ ಉದ್ದನೆಯ ಪುಸ್ತಕ, ಪುಟಕ್ಕೆ ಪುಟ ನಂಬರು ಹಾಕಿ ಮೊದಲ ಹಾಳೆಯಲ್ಲಿ ಅಧಿಕಾರಿ ದೃಢೀಕರಿಸಿರಬೇಕು. ನಮ್ಮಲ್ಲಿ ಒಂದು ಸಾಲಿಗೆ ಎಂಟು ಕಾಲಂ. ದಿನಾಂಕ, ಎಲ್ಲಿಂದ ಎಲ್ಲಿಗೆ, ಹೊರಟ ಹೊತ್ತು, ಬಂದ ಹೊತ್ತು, ಮೀಟರು ಆಗ, ಮೀಟರು ಈಗ, ಏಳನೆಯದು ಪ್ರಯಾಣದ ಉದ್ದೇಶ, ಎಂಟನೆಯದು ಗಾಡಿ ಬಳಸಿದವರ ಸಹಿ. ಆರನೆಯ ಕಾಲಮಿನ ತನಕ ಯಂತ್ರ ಮಾತಾಡುತ್ತದೆ, ಸುಳ್ಳು ಹೇಳುವುದು ಕಷ್ಟ. ಏಳನೆಯದರಲ್ಲಿ ಮನುಷ್ಯ ಮಾತಾಡುತ್ತಾನೆ. ನಾನು ಹನ್ನೊಂದು ವರ್ಷದಲ್ಲಿ ಆ ಕಾಲಮಿನಲ್ಲಿ ಅತಿ ಹೆಚ್ಚು ಓದಿದ ಎರಡು ಪದ 'ಕಚೇರಿ ಕೆಲಸ'. ಸೋಮವಾರ ನಂಜನಗೂಡಿಗೆ ಹೋದರೂ ಕಚೇರಿ ಕೆಲಸ, ಭಾನುವಾರ ದೇವರಾಜ ಮಾರುಕಟ್ಟೆಗೆ ಹೋದರೂ ಕಚೇರಿ ಕೆಲಸ. ಒಬ್ಬ ಹಳೇ ಡ್ರೈವರಂತೂ ಬರೆದು ಬರೆದು ಸಾಕಾಗಿ 'ಕ.ಕೆ.' ಅಂತ ಚಿಕ್ಕದು ಮಾಡಿಕೊಂಡಿದ್ದ.

ಇದನ್ನೆಲ್ಲ ನಾನು ಗೊತ್ತಿದ್ದೂ ಪಾಸು ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ತಮಗೆ ಬುದ್ಧಿ ಹೇಳಹೊರಟರೆ ಈ ಕಾಗದಕ್ಕೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಒಂದೇ ಒಂದು ಸಲ, ಹಿಂದಿನ ಒಬ್ಬ ಕುಲಪತಿಗಳ ಕಾಲದಲ್ಲಿ, ಕಡತದಲ್ಲಿ ಬರೆದೆ: 'ಪ್ರಯಾಣದ ಉದ್ದೇಶ ಸ್ಪಷ್ಟಪಡಿಸಲು ಕೋರಿದೆ.' ಕಡತ ಮೂರು ದಿನಕ್ಕೆ ವಾಪಸು ಬಂತು, ಅಂಚಿನಲ್ಲಿ ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂಬ ಒಂದೇ ಪದ. ಚರ್ಚೆಗೆ ಹೋದೆ. ಚರ್ಚೆ ಹೀಗಿತ್ತು: "ಏನ್ರೀ, ಪರೀಕ್ಷಾ ವಿಭಾಗದ ಗೋಡೌನಿಗೆ ಹೋಗೋ ಆಸೆನಾ?" ಆ ಗೋಡೌನು ಗೊತ್ತಿರುವವರಿಗೆ ಗೊತ್ತು, ಹಳೇ ಉತ್ತರ ಪತ್ರಿಕೆಯ ಧೂಳಿಗೆ ಉಬ್ಬಸದವರು ಒಂದು ವಾರ ಉಳಿಯುವುದಿಲ್ಲ. ಮಾರನೇ ದಿನ ಸಹಿ ಹಾಕಿದೆ.

ಆ ಸಹಿ ನನ್ನನ್ನು ಹುಡುಕಿಕೊಂಡು ಬಂದದ್ದು ನಿವೃತ್ತಿಯ ವರ್ಷ. ಲೆಕ್ಕ ತಪಾಸಣೆಯವರು ವಾಹನ ವೆಚ್ಚದ ಮೇಲೆ ಆಕ್ಷೇಪಣೆ ಬರೆದಿದ್ದರು. ಉದ್ದೇಶ ಅಸ್ಪಷ್ಟ, ಸಂಬಂಧಪಟ್ಟವರಿಂದ ವಸೂಲಿ ಮಾಡಿ ಅಂತ. ಸಂಬಂಧಪಟ್ಟವರು ಯಾರು? 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಕುಲಪತಿಗಳ ಅವಧಿ ನಾಲ್ಕು ವರ್ಷ. ಅವರು ನಾಲ್ಕು ವರ್ಷ ಮುಗಿಸಿ, ಹಾರ ತುರಾಯಿ ಹಾಕಿಸಿಕೊಂಡು ತಮ್ಮ ಊರು ಸೇರಿದ್ದರು. ಡ್ರೈವರ್ ಹೊರಗುತ್ತಿಗೆಯವನು, ಏಜೆನ್ಸಿ ಬದಲಾದಾಗ ಅವನೂ ಹೋಗಿದ್ದ. ಉಳಿದವನು ಬಿಲ್ಲು ಪಾಸು ಮಾಡಿದವನೊಬ್ಬನೇ. ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ನನಗೆ ಕೊಡಲಿಲ್ಲ. ನಿವೃತ್ತಿ ಉಪದಾನ, ಅಂದರೆ ಗ್ರಾಚ್ಯುಟಿ, ಹದಿನಾಲ್ಕು ತಿಂಗಳು ತಡೆಹಿಡಿದರು. ಆ ದುಡ್ಡಿನಲ್ಲಿ ತಾರಸಿ ರಿಪೇರಿ ಮಾಡಿಸಬೇಕೆಂದಿದ್ದೆವು. ಎರಡು ಮಳೆಗಾಲ ನಡುಮನೆಯಲ್ಲಿ ಬಕೆಟ್ ಇಟ್ಟುಕೊಂಡು ಮಲಗಿದೆವು. ರಾತ್ರಿ ತೊಟಕ್ ತೊಟಕ್ ಅನ್ನುವಾಗೆಲ್ಲ ನನಗೆ ಏಳನೇ ಕಾಲಂ ನೆನಪಾಗುತ್ತಿತ್ತು.

ಆಷಾಢ ಶುಕ್ರವಾರದ ಆ ಡ್ರೈವರ್ ತಲೆ ತಗ್ಗಿಸಿದಾಗ ನಾನು ಕಂಡದ್ದು ಇದನ್ನೇ. ತಾವು ಹೋದ ಮೇಲೂ ಅವನು ಬರೆದದ್ದು ಅಲ್ಲೇ ಇರುತ್ತದೆ.

"ಊರಲ್ಲಿ ಕೋಟಿ ಕೋಟಿ ನುಂಗೋರನ್ನ ಬಿಟ್ಟು ನಾಲ್ಕು ಲೀಟರ್ ಡೀಸೆಲ್ ಲೆಕ್ಕ ಹಾಕ್ತೀಯಲ್ಲಯ್ಯ" ಅಂತ ಲಿಂಗಾಂಬುಧಿ ಕೆರೆ ಏರಿಯ ಮೇಲೆ ಜೊತೆಯಲ್ಲಿ ವಾಕ್ ಮಾಡುವ ಗೆಳೆಯರು ಬೈಯುತ್ತಾರೆ. ನಿಜ, ಬೆಟ್ಟಕ್ಕೆ ಹೋಗಿಬಂದರೆ ಎಷ್ಟು ಡೀಸೆಲ್ ಮಹಾ. ಆದರೆ ಪರೀಕ್ಷಾ ಶುಲ್ಕ ಒಂದು ದಿನ ತಡವಾದರೂ ನಾವು ದಂಡ ಹಾಕುತ್ತಿದ್ದೆವಲ್ಲ, ಆಗ ಯಾರೂ ಮಹಾ ಎಷ್ಟು ಎನ್ನಲಿಲ್ಲ. ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗ, ಬಸ್ಸು ಕೆಟ್ಟು ಐದು ಗಂಟೆ ಮೇಲೆ ಬಂದ. ಕೌಂಟರ್ ಮುಚ್ಚಿತ್ತು. ಮಾರನೇ ದಿನ ದಂಡ ಸೇರಿಸಿ ತಾ ಅಂದೆ. ಅಂಗಿ ಜೇಬಿನಿಂದ ಮಡಿಸಿದ ನೋಟು ತೆಗೆದು ಎಣಿಸಿ, ಊರಿಗೆ ಹೋಗುವ ಬಸ್ ಚಾರ್ಜು ಬೇರೆ ಇಟ್ಟುಕೊಂಡ, ಸಾಲಲಿಲ್ಲ. ನಾನು ಸುತ್ತೋಲೆ ತೋರಿಸಿದೆ. ಅದೇ ವಾರ ಅದೇ ಕೈಯಲ್ಲಿ 'ಕಚೇರಿ ಕೆಲಸ'ದ ಬಿಲ್ಲಿಗೆ ಸಹಿ ಹಾಕಿದ್ದೆ.

ಕಾರು ಬಿಡಿ, ಅದು ಓಡಾಡುವ ವಸ್ತು, ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಮನುಷ್ಯರ ವಿಷಯಕ್ಕೆ ಬರುತ್ತೇನೆ. ರಿಂಗ್ ರಸ್ತೆಯ ಆಚೆ, ನಮ್ಮ ಬಡಾವಣೆಯಿಂದ ಎರಡು ಅಡ್ಡರಸ್ತೆ ದಾಟಿದರೆ ತಮ್ಮ ಸ್ವಂತ ಮನೆ ಏಳುತ್ತಿದೆ. ಏಳಲಿ, ಸಂತೋಷ. ಅಲ್ಲಿ ಬೆಳಗ್ಗೆ ಏಳೂವರೆಗೆ ಹೊಸ ಮೋಲ್ಡಿಂಗಿಗೆ ನೀರು ಹೊಡೆಯುತ್ತಿದ್ದ ಹೆಂಗಸನ್ನು ನೋಡಿ ನಿಂತೆ. ಗುರುತು ಸಿಕ್ಕಿತು, ನಮ್ಮ ಉದ್ಯಾನದ ದಿನಗೂಲಿಯವರು. ಆವರಣದ ಗುಲಾಬಿ ಪಾತಿ ಅವರದೇ ಉಸ್ತುವಾರಿ. ಇಲ್ಲೇನಮ್ಮಾ ಅಂದೆ. ಪೈಪಿಗೆ ಬೆರಳು ಅಡ್ಡ ಇಟ್ಟು ನೀರು ದೂರ ಹಾರಿಸುತ್ತಲೇ ಅಂದರು: "ಎಲ್ಲಿ ಬುಟ್ರೂ ನೀರೇ ಅಲ್ವಾ ಸಾ. ಅಲ್ಲಿ ಗಿಡುಕ್ಕೆ, ಇಲ್ಲಿ ಗ್ವಾಡೆಗೆ."

ನಗು ಬಂತು, ಆಮೇಲೆ ಬರಲಿಲ್ಲ. ಆವತ್ತಿನ ಮಸ್ಟರ್ ರೋಲಿನಲ್ಲಿ ಅವರ ಹಾಜರಾತಿ ಎಲ್ಲಿ ಬಿದ್ದಿರುತ್ತದೆ? ಗೋಡೆ ಹತ್ತಿರ ಜಾರಿ ಬಿದ್ದು ಕೈ ಮುರಿದರೆ ಯಾರ ಕೆಲಸದಲ್ಲಿ ಮುರಿದಂತಾಗುತ್ತದೆ? ದಯವಿಟ್ಟು ಆಕೆಯನ್ನು ಹುಡುಕಿಸಲು ಹೋಗಬೇಡಿ. ತಮ್ಮ ಮನೆಗೆ ನೀರು ಹೊಡೆದವರು ಅವರೊಬ್ಬರೇ ಅಲ್ಲ, ಸರದಿ ಇದೆ.

ಇನ್ನು ಮಾಹಿತಿ ಹಕ್ಕಿನ ಕಥೆ. ಕಾರಿನ ಆ ತಿಂಗಳ ಲಾಗ್ ಪುಸ್ತಕದ ಪ್ರತಿ ಬೇಕೆಂದು ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ನೂರೈವತ್ತು ಪದದೊಳಗೆ, ಒಂದೇ ವಿಷಯ, ₹10ರ ಪೋಸ್ಟಲ್ ಆರ್ಡರ್. ಮೂವತ್ತು ದಿನ ಗಡುವು, ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಕೆಲಸ ಕಲಿತವರು ಬರೆದ ಉತ್ತರ, ಅದನ್ನು ಒಪ್ಪುತ್ತೇನೆ. ಕೇಳಿರುವುದು ವೈಯಕ್ತಿಕ ಮಾಹಿತಿ, 2005ರ ಕಾಯ್ದೆಯ 8(1)(ಜೆ) ಪ್ರಕಾರ ಕೊಡಲು ಬರುವುದಿಲ್ಲ.

ನಾನು ಆ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮೂರನೇ ಸಲ ಓದಿದೆ. ಸ್ವಾಮಿ, ಪುಸ್ತಕದಲ್ಲಿ ಇರುವುದು ಕಚೇರಿ ಕೆಲಸವಾದರೆ ಅದು ವೈಯಕ್ತಿಕ ಹೇಗಾಯಿತು? ವೈಯಕ್ತಿಕವೇ ಆಗಿದ್ದರೆ ಡೀಸೆಲ್ ದುಡ್ಡು ವಿಶ್ವವಿದ್ಯಾಲಯದ್ದು ಯಾಕಾಯಿತು? ಆಡಿಟ್ಟಿನವರು ಬಂದರೆ ಕಚೇರಿ ಕೆಲಸ, ನನ್ನಂಥವನು ಕೇಳಿದರೆ ಖಾಸಗಿ. ಎರಡೂ ಕಡೆ ತಮ್ಮದೇ ಕಚೇರಿಯ ಮೊಹರು. ಲೆಕ್ಕ ತಪಾಸಣೆಯವರು ಪುಟ ಪುಟ ತಿರುವಿದರೂ ಸಿಗದ ತಪ್ಪೊಪ್ಪಿಗೆ ನನಗೆ ಒಂದು ಹಾಳೆಯಲ್ಲಿ ಮನೆಗೇ ಬಂತು. ಮೇಲ್ಮನವಿ ಹಾಕಿದ್ದೇನೆ, ಈ ಹಾಳೆಯನ್ನೇ ಲಗತ್ತಿಸಿ.

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ತಾವು ಮಾಡಿದ ಭಾಷಣ ಕೇಳಿದ್ದೇನೆ. ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆ, ಸರ್ಕಾರದ ಕೆಲಸಕ್ಕೆ ಒಂದು, ಸ್ವಂತದ ಓದಿಗೆ ಒಂದು. ಮಕ್ಕಳು ಚಪ್ಪಾಳೆ ತಟ್ಟಿದರು. ಅದನ್ನೇ ತಮಗೆ ವಾಪಸು ಹೇಳಲಾರೆ, ಈ ಸೀಮೆಯಲ್ಲಿ ಆ ಮೇಣದಬತ್ತಿ ಹಚ್ಚಿ ಹಚ್ಚಿ ಬತ್ತಿಯೇ ಉಳಿದಿಲ್ಲ. ನಾನು ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ನಾನು ಸೇರಿದ ಹೊಸತರಲ್ಲಿ ಇದ್ದ ಕುಲಪತಿಗಳು ಅಳಿಯನನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರಲು ಕಾರು ಕಳಿಸಿದ್ದರು. ಸಂಜೆ ಲಾಗ್ ಪುಸ್ತಕ ತರಿಸಿಕೊಂಡು ಏಳನೇ ಕಾಲಮಿನಲ್ಲಿ ತಮ್ಮ ಕೈಯಾರೆ 'ಖಾಸಗಿ' ಎಂದು ಬರೆದು, ಎಂಟನೆಯದರಲ್ಲಿ ಸಹಿ ಮಾಡಿ, ಕಿಲೋಮೀಟರಿನ ಲೆಕ್ಕದ ದುಡ್ಡನ್ನು ಅಟೆಂಡರ್ ಕೈಲಿ ಕಳಿಸಿದರು. ಆಗ ನಮಗೆ ಫಜೀತಿ ಶುರುವಾಯಿತು. ಇಂಥ ದುಡ್ಡನ್ನು ಯಾವ ಲೆಕ್ಕಶೀರ್ಷಿಕೆಗೆ ಜಮೆ ಮಾಡಬೇಕೋ ಶಾಖೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ 'ಇತರೆ ಜಮೆ' ಅಂತ ಹಾಕಿದೆವು. ಆ ಶೀರ್ಷಿಕೆಯಲ್ಲಿ ಆಮೇಲೆ ನಾನಿದ್ದಷ್ಟು ಕಾಲ ಇನ್ನೊಂದು ಜಮೆ ಬಿದ್ದದ್ದು ನನ್ನ ಆಸ್ಪತ್ರೆಯ ಚಲನ್ ಒಂದೇ.

ಇದೇ ಊರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಈಗಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನೀರಿನಲ್ಲಿರುವ ಮೀನು ನೀರು ಕುಡಿಯುವುದು ಯಾರಿಗೂ ಕಾಣದು ಎಂಬ ಅದರ ಮಾತನ್ನು ಎಲ್ಲ ಭಾಷಣಕಾರರೂ ಎತ್ತುತ್ತಾರೆ. ಅದರ ಹಿಂದಿನ ಅಧ್ಯಾಯಕ್ಕೆ ಯಾರೂ ಕೈ ಹಾಕುವುದಿಲ್ಲ. ಬೊಕ್ಕಸ ಕರಗುವ ಎಂಟು ದಾರಿಗಳನ್ನು ಅಲ್ಲಿ ಹೇಳಿದೆ. ಕದಿಯುವುದು, ಅಂದರೆ ಅಪಹಾರ, ಅದರಲ್ಲಿ ಒಂದು. ಉಪಭೋಗ ಎಂಬುದು ಬೇರೆಯದೇ ಬಾಬು: ರಾಜನ ವಸ್ತುವನ್ನು ತಾನು ಅನುಭವಿಸುವುದು ಅಥವಾ ಬೇರೆಯವರಿಗೆ ಅನುಭವಿಸಲು ಕೊಡುವುದು. ನೋಡಿ, ನೆಂಟರನ್ನೂ ಬಿಟ್ಟಿಲ್ಲ. ರತ್ನವನ್ನು ಹಾಗೆ ಬಳಸಿದರೆ ಮರಣದಂಡನೆಯಂತೆ; ಅಲ್ಲಿಯ ತನಕ ನಾವು ಹೋಗುವುದು ಬೇಡ. ಸಾಧಾರಣ ಸಾಮಾನಾದರೆ ಆ ವಸ್ತುವನ್ನೂ ಕೊಡಬೇಕು, ಅಷ್ಟೇ ಬೆಲೆಯನ್ನು ದಂಡವಾಗಿಯೂ ಕಟ್ಟಬೇಕು. ಇನ್ನೋವಾ ರತ್ನವೋ ಸಾಧಾರಣ ಸಾಮಾನೋ ಎಂಬುದನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ತೀರ್ಮಾನಿಸಲಿ.

ಹಳೆಯ ಕಾಲದ ಮಾತಾಯಿತು ಅನ್ನುವುದಾದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ಸಾರ್ವಜನಿಕ ಸೇವಕ ಅಂದರೆ ಯಾರ್ಯಾರು ಎಂದು ಪಟ್ಟಿ ಕೊಡುತ್ತಾ, ವಿಶ್ವವಿದ್ಯಾಲಯದ ಸರದಿ ಬಂದಾಗ ಅದು ಮೊದಲು ಹೇಳುವುದೇ ಕುಲಪತಿ. ಪ್ರಾಧ್ಯಾಪಕರು, ಅಧ್ಯಾಪಕರೆಲ್ಲ ಮುಗಿದ ಮೇಲೆ ನೌಕರ. ನಮ್ಮ ವಸೂಲಾತಿ ನೋಟಿಸಿನಲ್ಲಿ ಮಾತ್ರ ಈ ಸಾಲು ಹಿಂದುಮುಂದಾಗಿ ನಿಂತಿರುತ್ತದೆ.

ಬೇರೆ ದೇಶದಲ್ಲೂ ಇದು ನಡೆಯದ್ದೇನಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಅಮೆರಿಕನ್ ಯೂನಿವರ್ಸಿಟಿಯ ಅಧ್ಯಕ್ಷರಾಗಿದ್ದ ಬೆಂಜಮಿನ್ ಲ್ಯಾಡ್ನರ್ ಅವರ ವಿಷಯ 2005ರಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ದೊಡ್ಡ ರಂಪವಾಗಿತ್ತು. ಅಲ್ಲಿ ಕುಲಪತಿಯ ಕೆಲಸ ಮಾಡುವವರನ್ನು ಅಧ್ಯಕ್ಷ ಅನ್ನುತ್ತಾರೆ. ಶುರುವಾದದ್ದು ಆಡಳಿತ ಮಂಡಳಿಗೆ ಬಂದ ಒಂದು ಮೂಕರ್ಜಿಯಿಂದ. ತಪಾಸಣೆಗೆ ಕೂತರೆ ಸ್ವಂತಕ್ಕೆ ಅಡುಗೆಯವರು, ಕಾರು ಡ್ರೈವರು, ಮಗನ ನಿಶ್ಚಿತಾರ್ಥದ ಔತಣ, ಎಲ್ಲ ಖರ್ಚೂ ಸಂಸ್ಥೆಯ ಲೆಕ್ಕದಲ್ಲಿ ಬಂತು. ಅವರು ತಪ್ಪು ಮಾಡಿಲ್ಲವೆಂದು ವಾದಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಹುದ್ದೆ ಬಿಡಬೇಕಾಯಿತು. ಹೋಗುವಾಗ ಭಾರೀ ಇಡುಗಂಟೂ ಸಿಕ್ಕಿತು ಅನ್ನಿ, ಅದರ ಮೇಲೆ ಇನ್ನೊಂದು ಗಲಾಟೆ. ನನಗೆ ಅದರಲ್ಲಿ ಹಿಡಿಸಿದ್ದು ಒಂದೇ. ಮೂಕರ್ಜಿ ಎಂದು ಕಸದ ಬುಟ್ಟಿಗೆ ಹಾಕದೆ ಲೆಕ್ಕ ತೆಗೆಸಿ ನೋಡಿದರು. ಇಲ್ಲಿ ಹೆಸರು ಹಾಕಿ ಬರೆದರೂ ಮೊದಲು ಕೇಳುವುದು, ಇವನ ಹಿಂದೆ ಯಾರಿದ್ದಾರೆ, ಯಾವ ಜಾತಿಯವನು, ಮುಂದಿನ ಕುಲಪತಿ ಹುದ್ದೆಗೆ ಯಾರ ಕಡೆಯವನು ಅಂತ. ನನ್ನ ಹಿಂದೆ ನನ್ನ ಹೆಂಡತಿ ಇದ್ದಾಳೆ, ಅವಳಿಗೂ ಈ ಕಾಗದ ಇಷ್ಟವಿಲ್ಲ. ಪಿಂಚಣಿಗೆ ಕಲ್ಲು ಹಾಕಿಕೊಳ್ತೀರಿ ಅನ್ನುತ್ತಾಳೆ.

ಹಾಗಾದರೆ ತಮ್ಮಿಂದ ನನಗೇನು ಬೇಕು? ರಾಜೀನಾಮೆ ಕೇಳುವಷ್ಟು ದೊಡ್ಡವನು ನಾನಲ್ಲ, ಅದು ಕುಲಾಧಿಪತಿಗಳು ನೋಡಿಕೊಳ್ಳುವ ವಿಷಯ. ತಾವು ಅಧಿಕಾರ ವಹಿಸಿಕೊಂಡ ದಿನದಿಂದ ಲಾಗ್ ಪುಸ್ತಕವನ್ನು ಸ್ಕ್ಯಾನ್ ಮಾಡಿಸಿ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಹಾಕಿಸಿ, ಪುಟಕ್ಕೆ ₹2 ಕೊಟ್ಟು ನಕಲು ತೆಗೆದುಕೊಳ್ಳುವ ಕಷ್ಟ ನಮಗೂ ತಪ್ಪುತ್ತದೆ. ಯಾವ್ಯಾವ ಸಾಲು ಖಾಸಗಿಯೋ ತಾವೇ ಗುರುತು ಹಾಕಿ ದುಡ್ಡು ಕಟ್ಟಿ. ಹಳೆಯದನ್ನು ತಿದ್ದಲು ಮಾತ್ರ ಹೋಗಬೇಡಿ. ಬಿಳಿ ಶಾಯಿ ಹಚ್ಚಿದ ಪುಟವನ್ನು ಆಡಿಟ್ಟಿನವರು ಬೆಳಕಿಗೆ ಹಿಡಿದು ನೋಡುತ್ತಾರೆ. ಪಕ್ಕದಲ್ಲಿ ಕೆಂಪಿನಲ್ಲಿ ಬರೆದು ಸಹಿ ಮಾಡಿದರೆ ಸಾಕು. ಮನೆ ಕೆಲಸಕ್ಕೆ ಹೋದವರ ದಿನಗಳನ್ನು ಎಣಿಸಿ ಅವರ ಕೂಲಿಯಷ್ಟನ್ನು ಸಂಸ್ಥೆಗೆ ತುಂಬಿ, ಅವರನ್ನು ಗುಲಾಬಿ ಪಾತಿಗೆ ವಾಪಸು ಕಳಿಸಿ. ಗುಲಾಬಿ ಈ ಸಲ ನಿಜಕ್ಕೂ ಒಣಗಿದೆ.

ಮತ್ತೆ ಎಲ್ಲಕ್ಕಿಂತ ಮೊದಲು, ತಮ್ಮದೇ ಸಹಿಯಲ್ಲಿ ಒಂದು ಕಚೇರಿ ಆದೇಶ ಬೇಕು. ತಮ್ಮ ಅವಧಿಯ ವಾಹನ ವೆಚ್ಚ, ಕೂಲಿ ವೆಚ್ಚದ ಮೇಲೆ ಯಾವ ಕಾಲಕ್ಕೆ ಆಕ್ಷೇಪಣೆ ಬಂದರೂ ಅದು ಬಳಸಿದ ಅಧಿಕಾರಿಯ ಹೊಣೆ, ಬರೆದ ಡ್ರೈವರಿನದೂ ಪಾಸು ಮಾಡಿದ ಗುಮಾಸ್ತನದೂ ಅಲ್ಲ ಅಂತ. ನನ್ನ ಮೇಜಿನಲ್ಲಿ ಈಗ ಕೂತಿರುವ ಹುಡುಗಿಗೆ ಸರ್ವಿಸ್ ಇನ್ನೂ ಇಪ್ಪತ್ತಾರು ವರ್ಷ ಬಾಕಿ ಇದೆ. ತಮ್ಮ ಸರ್ವಿಸ್ ಎಷ್ಟು ಬಾಕಿ ಎಂಬುದು ತಮಗೇ ಗೊತ್ತು. ಅವಳೂ ಒಮ್ಮೆ ಕಡತದಲ್ಲಿ ಏನೋ ಬರೆದಳಂತೆ, 'ಚರ್ಚಿಸಿ' ಅಂತ ಬಂತಂತೆ.

ಸೋಮವಾರ ಬೆಳಗ್ಗೆ ಹತ್ತೂವರೆಗೆ ಟಪಾಲು ಶಾಖೆಗೆ ಬರುತ್ತೇನೆ. ಸ್ವೀಕೃತಿಯ ಮೊಹರು ಹಾಕಿಕೊಡಲು ದಯವಿಟ್ಟು ಹೇಳಿರಿ. ಹೋದ ಸಲ ಮೊಹರಿನ ಶಾಯಿ ಒಣಗಿದೆ ಅಂದಿದ್ದರು. ಈ ಸಲ ಶಾಯಿ ನಾನೇ ತರುತ್ತಿದ್ದೇನೆ, ಸ್ವಂತ ಖರ್ಚಿನಲ್ಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧೀಕ್ಷಕ
ಮೈಸೂರು